ಕಡೂರನ್ನು ಹೊತ್ತುಕೊಂಡು ತರೀಕೆರೆಗೆ

ಕಳೆದ ಭಾನುವಾರ ಬೆಳಿಗ್ಗೆ ನಾವು ಗಂಡ ಹೆಂಡತಿ ಕಡೂರು ಸ್ಟೇಷನ್ನಿನಲ್ಲಿ ಕಡೂರು ಸ್ಟೇಷನ್ನನ್ನೇ ಎತ್ತಿಕೊಂಡು ನಿಂತಿದ್ದೆವು. ನಾಲ್ಕಡಿ ಉದ್ದದ ಪ್ಲೈವುಡ್ ಹಲಗೆ, ಅದರ ಮೇಲೆ ಗೇಣುದ್ದದ ಸ್ಟೇಷನ್ ಕಟ್ಟಡ, ಬೆರಳಗಲದ ಹಳಿ. ಧೂಳು ಕೂರದಿರಲೆಂದು ನನ್ನ ಹಳೆಯ ಹೂವಿನ ಬೆಡ್‌ಶೀಟ್ ಸುತ್ತಿದ್ದೆವು. ನಮ್ಮೆಜಮಾನರಿಗೆ ಊರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಹಗಲೆಲ್ಲ ಸುಟ್ಟ ಪಂಪ್‌ಸೆಟ್ಟುಗಳ ರಿಪೇರಿ, ಸಂಜೆಯಾದರೆ ಆಟದ ರೈಲು. ನಾನು ಹಾಗಂದರೆ ಸಾಕು, "ಆಟದ್ದಲ್ಲ ಕಣೇ, ಮಾಡೆಲ್ ರೈಲು" ಎಂದು ತಿದ್ದುತ್ತಾರೆ.

ಬರುವ ಶನಿವಾರ ಬೆಂಗಳೂರಿನಲ್ಲಿ ಇಂಥ ರೈಲುಗಳ ದೊಡ್ಡ ಪ್ರದರ್ಶನವಿದೆ. ಎಲ್ಲೆಲ್ಲಿಂದಲೋ ಇದೇ ಹುಚ್ಚಿನವರು ಬಂದು ದೊಡ್ಡದೊಂದು ಹಾಲ್ ತುಂಬ ರೈಲು ಓಡಿಸುತ್ತಾರಂತೆ. ಆರು ತಿಂಗಳಿಂದ ನಮ್ಮವರ ಬಾಯಲ್ಲಿ ಬೇರೆ ಮಾತಿಲ್ಲ. ಮದುವೆ ಗೊತ್ತಾದಾಗಲೂ ಇಷ್ಟು ಹಿಗ್ಗಿದ್ದರೋ ಇಲ್ಲವೋ! ಆದರೆ ಅಲ್ಲಿ ಜಾಗ ಸಿಗಬೇಕಾದರೆ ಒಂದು ಷರತ್ತು. ಮಾಡಿಟ್ಟ ಊರುಗಳನ್ನು ಜೋಡಿಸಿ ಎಲ್ಲಕ್ಕೂ ರೈಲು ಓಡುವ ವಿಡಿಯೊವನ್ನು ಆ ಭಾನುವಾರ ಸಂಜೆಯೊಳಗೆ ಕಳಿಸಬೇಕಿತ್ತು. ಕಳಿಸದಿದ್ದರೆ ಜಾಗ ಬೇರೆಯವರ ಪಾಲು.

ಈ ಕೆಲಸಕ್ಕೆ ಮೂವರು ಪಾಲುದಾರರು. ಕಡೂರು ನಮ್ಮವರದು. ಅಜ್ಜಂಪುರ ಅಲ್ಲಿನ ದಿನಸಿ ವ್ಯಾಪಾರಿ ಷಡಕ್ಷರಪ್ಪನವರದು. ತರೀಕೆರೆ ಅಲ್ಲಿನ ಡ್ರಾಯಿಂಗ್ ಮೇಷ್ಟ್ರು ಲೋಕೇಶ್ ಅವರದು. ಒಬ್ಬೊಬ್ಬರೂ ಅವರವರ ಊರನ್ನು ಅವರವರ ಮನೆಯಲ್ಲೇ ಮಾಡಿಕೊಂಡಿದ್ದರು. ಹಳಿಯ ಅಳತೆ, ಹಲಗೆಯ ಎತ್ತರ, ವೈರಿನ ಬಣ್ಣ ಎಲ್ಲ ಫೋನಿನಲ್ಲೇ ತೀರ್ಮಾನವಾಗಿತ್ತು. ಮೂರನ್ನೂ ಒಂದೇ ಕಡೆ ಇಟ್ಟು ನೋಡಿರಲಿಲ್ಲ. ಲೋಕೇಶ್ ಮನೆಯ ಹಾಲ್ ದೊಡ್ಡದು, ಅಲ್ಲೇ ಜೋಡಿಸೋಣ ಎಂದಾಯಿತು. ಷಡಕ್ಷರಪ್ಪನವರಿಗೆ ಸೊಂಟ ನೋವು, ಹಲಗೆ ಎತ್ತಲು ಇನ್ನೊಬ್ಬರು ಬೇಕು. ಆದ್ದರಿಂದ ನಾವು ಮೊದಲು ಅಜ್ಜಂಪುರಕ್ಕೆ ಹೋಗಿ, ಅವರನ್ನೂ ಅವರ ಊರನ್ನೂ ಕರೆದುಕೊಂಡು ತರೀಕೆರೆಗೆ ಹೋಗಬೇಕಿತ್ತು.

ಪ್ಯಾಸೆಂಜರ್ ರೈಲಿನಲ್ಲಿ ಅಷ್ಟೇನೂ ಜನವಿರಲಿಲ್ಲ. ಸಂಕ್ರಾಂತಿ ಕಳೆದಿದ್ದರೂ ಚಳಿ ಬಿಟ್ಟಿರಲಿಲ್ಲ. ಹಲಗೆಯನ್ನು ಎರಡು ಸೀಟಿನ ನಡುವೆ ಅಡ್ಡ ಇಟ್ಟೆವು. ಎದುರಿಗೆ ಕೂತಿದ್ದ ಹೂವಿನ ಬುಟ್ಟಿಯ ಹೆಂಗಸು ಬೆಡ್‌ಶೀಟನ್ನೇ ನೋಡುತ್ತಿದ್ದಳು.

"ದೇವ್ರಾ ಸ್ವಾಮಿ?" ಎಂದು ಕೇಳಿದಳು.

"ಹೂಂ, ಒಂಥರಾ ಹಂಗೇ" ಎಂದರು ನಮ್ಮವರು. ಆಕೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಒಂದು ಮೊಳ ಸೇವಂತಿಗೆ ಅದರ ಮೇಲಿಟ್ಟಳು. ದುಡ್ಡು ಕೊಡಲು ಹೋದರೆ ಬೇಡವೆಂದಳು. ನಗು ತಡೆಯಲು ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಹತ್ತು ನಿಮಿಷದಲ್ಲಿ ಬೀರೂರು ಬಂತು. ಬೀರೂರು ನನ್ನ ತವರು. ಅಣ್ಣನ ಮನೆ ಸ್ಟೇಷನ್ನಿಗೆ ಕೂಗಳತೆಯಲ್ಲಿದೆ. ರೈಲು ನಿಂತಷ್ಟು ಹೊತ್ತೂ ಗುರುತಿನ ಮುಖ ಯಾವುದಾದರೂ ಕಂಡೀತೇ ಎಂದು ಕತ್ತು ಚಾಚಿ ನೋಡಿದೆ. ನಮ್ಮವರು ಬೆಡ್‌ಶೀಟಿನ ಗಂಟು ಬಿಗಿ ಮಾಡುವುದರಲ್ಲಿದ್ದರು. ಅಲ್ಲಿಂದ ಮುಂದೆ ತೆಂಗಿನ ತೋಟಗಳು ಹಿಂದೆ ಬಿದ್ದು, ಕೊಯ್ಲಾದ ರಾಗಿ ಹೊಲಗಳು ಕಂಡವು.

ಅಜ್ಜಂಪುರದಲ್ಲಿ ಷಡಕ್ಷರಪ್ಪನವರು ಹಣೆ ತುಂಬ ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಬಿಳಿ ಷರ್ಟು ತೊಟ್ಟು ಬಾಗಿಲಲ್ಲೇ ಕಾಯುತ್ತಿದ್ದರು. ಹೆಣ್ಣು ನೋಡಲು ಹೊರಟವರ ಹಾಗಿತ್ತು. ಅವರ ಮನೆಯವರು ಬಿಸಿ ಉಪ್ಪಿಟ್ಟು ಬಡಿಸುತ್ತ, "ನನ್ ಹಿಟ್ಟಿನ ಜರಡಿನೆಲ್ಲ ಹಾಳ್ ಮಾಡವ್ರೆ ಕಣಕ್ಕಾ, ಹೊಲದ ಮಣ್ಣು ಜರಡಿ ಹಿಡ್ದು ಹಿಡ್ದು" ಎಂದು ದೂರಿದರು. ಹಲಗೆ ನೋಡಿದರೆ ನಿಜಕ್ಕೂ ಅಜ್ಜಂಪುರದ್ದೇ ಮಣ್ಣು. ಸ್ಟೇಷನ್ ಪಕ್ಕದಲ್ಲಿ ಸಾಸಿವೆ ಕಾಳನ್ನು ಗುಡ್ಡೆ ಹಾಕಿ ಅಂಟಿಸಿದ್ದರು.

"ಇದೇನ್ರೀ?" ಎಂದೆ.

"ಈರುಳ್ಳಿ ಕಣಮ್ಮ! ಅಜ್ಜಂಪುರ ಅಂದ್ಮೇಲೆ ಈರುಳ್ಳಿ ಇರ್ಬೇಡ್ವಾ?"

ಎರಡು ಊರು ಹೊತ್ತುಕೊಂಡು ಮೂವರೂ ಮತ್ತೆ ಬೀರೂರಿಗೆ ಬಂದೆವು. ಕಡೂರಿಗೆ ಹೋಗಲಿ, ಅಜ್ಜಂಪುರಕ್ಕೆ ಹೋಗಲಿ, ತರೀಕೆರೆಗೆ ಹೋಗಲಿ, ಹಳಿಗಳೆಲ್ಲ ಕೂಡುವುದು ಇಲ್ಲೇ. ತರೀಕೆರೆಯ ರೈಲಿಗೆ ಮುಕ್ಕಾಲು ಗಂಟೆ ಕಾಯಬೇಕಿತ್ತು. ವಡೆ ತಿಂದು ಟೀ ಕುಡಿದೆವು. ನಮ್ಮವರು ಲೋಟ ಹಿಡಿದ ಕೈಯನ್ನೇ ಚಾಚಿ, "ನೋಡೇ, ಒಂದ್ ಲೈನು ಹಿಂಗೆ ಹೋಯ್ತದೆ, ಇನ್ನೊಂದು ಹಂಗೆ. ಜಂಕ್ಷನ್ ಅಂದ್ರೆ ಇದು" ಎಂದು ನನಗೆ ಪಾಠ ಹೇಳಿದರು. ಆ ಹಳಿಗಳನ್ನು ನೋಡುತ್ತಲೇ ಬೆಳೆದ ನಾನು ಹೂಂಗುಟ್ಟಿದೆ. ಷಡಕ್ಷರಪ್ಪನವರೂ ತಲೆದೂಗಿದರು.

ತರೀಕೆರೆಯಲ್ಲಿ ಇಳಿದಾಗ ಬಿಸಿಲು ಏರಿತ್ತು. ಆಟೋದವನು ಹಲಗೆಗಳನ್ನು ನೋಡಿ ಐವತ್ತು ರೂಪಾಯಿ ಹೆಚ್ಚು ಕೇಳಿದ. ಲೋಕೇಶ್ ಮೇಷ್ಟ್ರು ತಮ್ಮ ಹಲಗೆಯ ಮೇಲಿನ ಪಂಚೆಯನ್ನು ಎಳೆದಾಗ ನಾವು ಮೂವರೂ ಬಾಯಿ ಬಿಟ್ಟುಕೊಂಡು ನಿಂತೆವು. ಅಮೃತಾಪುರದ ದೇವಸ್ಥಾನವನ್ನು ಕಂಬ ಕಂಬವೂ ಕಾಣುವಂತೆ ಕೊರೆದು ತರೀಕೆರೆ ಸ್ಟೇಷನ್ನಿನ ಬೆನ್ನಿಗೇ ಕೂರಿಸಿದ್ದರು. ಅಷ್ಟು ಸಾಲದೆಂದು ಮೂಲೆಯಲ್ಲಿ ಹೆಬ್ಬೆ ಜಲಪಾತ ಬೇರೆ! ಮೀನಿನ ತೊಟ್ಟಿಯ ಪಂಪ್ ಇಟ್ಟು ನಿಜವಾದ ನೀರನ್ನೇ ಬೀಳಿಸುತ್ತಿದ್ದರು. ಮುಖ್ಯ ಹಳಿಯಿಂದ ಕವಲೊಡೆದ ಒಂದು ಪುಟ್ಟ ಲೈನು ಜಲಪಾತದ ಬುಡದವರೆಗೂ ಹೋಗಿತ್ತು.

"ಹೆಬ್ಬೆಗೆ ಜೀಪು ಹೋಗೋದೇ ಕಷ್ಟ, ನೀವು ರೈಲು ಬಿಟ್ಟಿದ್ದೀರಲ್ಲ ಮೇಷ್ಟ್ರೇ" ಎಂದೆ.

"ಆಸೆ ಅಕ್ಕ, ಆಸೆ" ಎಂದು ನಾಚಿಕೊಂಡರು.

ಊಟ ಮುಗಿಸಿ ಜೋಡಿಸಲು ಕೂತರು. ಕಡೂರಿನ ಹಲಗೆ ಇಟ್ಟರು. ಅದರ ತುದಿಗೆ ಷಡಕ್ಷರಪ್ಪನವರು ಅಜ್ಜಂಪುರ ತಂದು ಹಚ್ಚಿದರು. ಹಳಿಗೆ ಹಳಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿತು. ಚಪ್ಪಾಳೆಯೂ ಆಯಿತು. ಆಮೇಲೆ ಲೋಕೇಶ್ ತರೀಕೆರೆಯನ್ನು ಎತ್ತಿಕೊಂಡು ಬಂದು ಅದೇ ತುದಿಯ ಹತ್ತಿರ ನಿಂತರು. ಎಲ್ಲಿಗೆ ಹಚ್ಚುವುದು? ಆ ಕಡೆ ಹೋದರು, ಈ ಕಡೆ ಬಂದರು. ಹಲಗೆ ಕೈಯಲ್ಲೇ ಇತ್ತು.

"ಬೀರೂರು ಎಲ್ರೀ?" ಎಂದು ಕೊನೆಗೆ ಕೇಳಿದರು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಿಮ್ಗೆ ಏಳೇ ಕಿಲೋಮೀಟರು ಕಣ್ರೀ, ಕಡೂರಿನ ಜೊತೆಗೇ ಮಾಡಿರ್ತೀರಿ ಅಂದ್ಕೊಂಡೆ" ಎಂದರು ಷಡಕ್ಷರಪ್ಪ.

"ನಿಮ್ ನೆಂಟ್ರೆಲ್ಲ ಅಲ್ಲೇ ಇರೋದು, ನೀವೇ ಬಿಟ್ಟೀರಾ ಅಂತ ನಾನಂದ್ಕೊಂಡೆ" ಎಂದರು ನಮ್ಮವರು.

ಲೋಕೇಶ್ ಹಲಗೆಯನ್ನು ಮೆಲ್ಲಗೆ ಕೆಳಗಿಟ್ಟರು. ಪಾಪ, ಅದರ ಮೂಲೆಯಲ್ಲಿ ಹೆಬ್ಬೆಯ ನೀರು ಜುಳುಜುಳು ಬೀಳುತ್ತಲೇ ಇತ್ತು. ಅವರವರ ಊರಿನ ಅಭಿಮಾನದಲ್ಲಿ ದೇವಸ್ಥಾನ, ಜಲಪಾತ, ಈರುಳ್ಳಿ ಎಲ್ಲ ಬಂದಿದ್ದವು. ಮೂರೂ ಊರನ್ನು ಸೇರಿಸುವ ಊರೇ ಇರಲಿಲ್ಲ. ಆ ಬೆಳಿಗ್ಗೆ ಎರಡು ಸಲ ಬೀರೂರು ಹಾದು, ಅಲ್ಲೇ ನಿಂತು ವಡೆ ತಿಂದು ಬಂದಿದ್ದರೂ ಒಬ್ಬರಿಗೂ ಹೊಳೆದಿರಲಿಲ್ಲ.

ನನಗೆ ಮೊದಲು ನಗು ಬಂತು, ಹಿಂದೆಯೇ ಸಿಟ್ಟೂ ಬಂತು. "ಹಬ್ಬಕ್ಕೆ ಒಬ್ಬಟ್ಟು ತಿನ್ನೋಕೆ ಬೀರೂರು ಬೇಕು. ರೈಲಿಗೆ ಮಾತ್ರ ಬೇಡ್ವಾ? ಇಪ್ಪತ್ತೈದು ವರ್ಷದಿಂದ ಆ ಊರಿನ ಅಳಿಯ ನೀವು!" ಎಂದೆ. ನಮ್ಮವರು ಹಲಗೆಯ ಅಂಚನ್ನು ಸವರುತ್ತ ಕೂತುಬಿಟ್ಟರು. ಆರು ತಿಂಗಳ ಹಿಗ್ಗು ಅವರ ಮುಖದಿಂದ ಇಳಿದುಹೋದದ್ದನ್ನು ನೋಡಿ, ಬೈಯಬಾರದಿತ್ತು ಎನಿಸಿತು.

"ಒಂದು ಪ್ಲೈವುಡ್ ತುಂಡು ಇದ್ಯಾ ಮೇಷ್ಟ್ರೇ? ನಮ್ಮೂರನ್ನ ನಾನೇ ಮಾಡ್ತೀನಿ. ಇವತ್ತಿಗೆ ಬರೀ ಹಳಿ ಹಾಕ್ಕೊಂಡು ವಿಡಿಯೊ ಕಳ್ಸಿ" ಎಂದೆ.

ಪ್ಲೈವುಡ್ ಅಟ್ಟದ ಮೇಲೆ ಸಿಕ್ಕಿತು. ನೇರ ಹಳಿಯೂ ಮಿಕ್ಕಿತ್ತು. ಆದರೆ ಒಂದು ದಾರಿ ಎರಡಾಗುವ ಕವಲು ಹಳಿ ಇರಲಿಲ್ಲ. ಭಾನುವಾರ ಬೆಂಗಳೂರಿನಿಂದ ತರಿಸುವುದೂ ಆಗದ ಮಾತು. ಲೋಕೇಶ್ ತಮ್ಮ ಜಲಪಾತವನ್ನು ಒಮ್ಮೆ ನೋಡಿದರು. ಪಂಪ್ ಆರಿಸಿದರು. ಸ್ಕ್ರೂಡ್ರೈವರ್ ತಂದು ಹೆಬ್ಬೆಯ ಲೈನನ್ನು ತಾವೇ ಕಿತ್ತರು.

"ಹೆಬ್ಬೆಗೆ ಜನ ನಡ್ಕೊಂಡೇ ಹೋಗ್ಲಿ ಬಿಡಿ" ಎಂದು ಕವಲು ಹಳಿಯನ್ನು ನನ್ನ ಕೈಗೆ ಕೊಟ್ಟರು. ಆ ಮನುಷ್ಯನ ಮೇಲೆ ನನಗೆ ಬಹಳ ಪ್ರೀತಿ ಬಂತು.

ಹಲಗೆಯ ಮೇಲೆ ಯಾವ ಲೈನು ಎತ್ತ ತಿರುಗಬೇಕೆಂದು ನಾನು ಪೆನ್ಸಿಲ್ಲಿನಲ್ಲಿ ಗೆರೆ ಎಳೆದೆ. ನಮ್ಮವರು ಬೆಸುಗೆ ಹಾಕಿದರು, ಷಡಕ್ಷರಪ್ಪ ಸೊಂಟ ನೋವು ಮರೆತು ನೆಲದ ಮೇಲೆ ಅಂಗಾತ ಮಲಗಿ ವೈರು ಎಳೆದರು. ಮೊದಲ ಸಲ ಎಂಜಿನ್ ಕವಲಿನಲ್ಲೇ ಮಗ್ಗುಲಾಯಿತು. ಅರ ಹಾಕಿ ಉಜ್ಜಿ ಮತ್ತೆ ಬಿಟ್ಟರು. ಕಡೂರಿನಿಂದ ಹೊರಟ ರೈಲು ಬೀರೂರು ದಾಟಿ ಅಜ್ಜಂಪುರ ಮುಟ್ಟಿತು. ಹಿಂದಕ್ಕೆ ಬಂದು ತರೀಕೆರೆಯ ಕಡೆ ತಿರುಗಿ ಅಮೃತಾಪುರದ ಮುಂದೆ ನಿಂತಿತು. ನಾಲ್ವರೂ ಮಕ್ಕಳ ಹಾಗೆ ಕೂಗಿದೆವು. ಸೂರ್ಯ ಮುಳುಗುವ ಮೊದಲೇ ವಿಡಿಯೊ ಹೋಯಿತು, "ಜಾಗ ಖಾತ್ರಿ, ಬನ್ನಿ" ಎಂಬ ಉತ್ತರವೂ ಬಂತು. ಮೂರು ಊರನ್ನು ಅಲ್ಲೇ ಬಿಟ್ಟು, ಖಾಲಿ ಬೀರೂರನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೊರಟೆವು. ಹಲಗೆಗಳನ್ನು ಬೆಂಗಳೂರಿಗೆ ಒಯ್ಯುವ ಟೆಂಪೋ ಶುಕ್ರವಾರ ಬರುವುದರೊಳಗೆ ನಾನು ಅದರ ಮೇಲೆ ಊರು ಕಟ್ಟಬೇಕಿತ್ತು.

ವಾಪಸ್ ಬರುವಾಗ ಬೀರೂರಿನಲ್ಲಿ ಗಾಡಿ ಬದಲಿಸಬೇಕಿತ್ತು. ಷಡಕ್ಷರಪ್ಪನವರು ಅಜ್ಜಂಪುರದ ಗಾಡಿ ಹಿಡಿಯಲು ಹೋದರು. ನಮ್ಮವರು ಇಳಿದವರೇ ಹಲಗೆಯನ್ನು ನನಗೆ ಕೊಟ್ಟು, ಫೋನ್ ಹಿಡಿದು ಫೋಟೊ ತೆಗೆಯುತ್ತ ನಡೆದರು. ಕಿಟಕಿಗಳನ್ನು ಗೇಣು ಹಾಕಿ ಅಳೆದರು. ಮೇಲ್ಸೇತುವೆ ಹತ್ತಿ ನಿಂತರು. "ಇಲ್ಲಿ ಮರ ಇತ್ತಾ? ನೀನು ಚಿಕ್ಕೋಳಿದ್ದಾಗ ಎಲ್ಲಿ ಕೂರ್ತಿದ್ದೆ?" ಎಂದು ಮೇಲಿನಿಂದಲೇ ಕೂಗಿ ಕೇಳಿದರು. ನಾನೂ ಕೂಗಿ ಹೇಳಿದೆ. ಅಷ್ಟರಲ್ಲಿ ಕಡೂರಿನ ರೈಲು ನಮ್ಮ ಕಣ್ಣೆದುರೇ ಹೊರಟುಹೋಯಿತು.

ಬಸ್ಸಿಗೆ ಹೋಗೋಣ ಎಂದೆ. ಅವರು ಒಪ್ಪದೆ ಹಲಗೆ ಎತ್ತಿಕೊಂಡು ಅಣ್ಣನ ಮನೆಯ ದಾರಿ ಹಿಡಿದರು. ಕರೆಯದೆ ಮಾವನ ಮನೆಗೆ ಹೋಗುವವರಲ್ಲ ಅವರು. ಹಬ್ಬಕ್ಕೂ ಎರಡು ಸಲ ಫೋನ್ ಮಾಡಿಸಿಕೊಂಡೇ ಬರುತ್ತಿದ್ದವರು. ಬಾಗಿಲು ತೆಗೆದ ಅಣ್ಣ ಅವರನ್ನು ನೋಡಿ ಗಾಬರಿಯಾಗಿ, "ಏನಾಯ್ತಪ್ಪಾ? ಎಲ್ಲಾ ಚೆನ್ನಾಗಿದೀರಾ?" ಎಂದು ಕೇಳಿದ.

"ಚೆನ್ನಾಗಿದೀವಿ ಭಾವ. ನಿಮ್ಮೂರನ್ನ ಸರ್ಯಾಗಿ ನೋಡೇ ಇರ್ಲಿಲ್ಲ. ನೋಡ್ಕೊಂಡ್ ಹೋಗಣ ಅಂತ ಬಂದೆ" ಎಂದರು ನಮ್ಮವರು.