ಮುಚ್ಚುವುದನ್ನು ಕಲಿಸಿದ ಮೇಷ್ಟ್ರು

ವ್ಯವಹಾರ ನಿರ್ವಹಣೆಯ ಸ್ನಾತಕೋತ್ತರ ಶಿಕ್ಷಣದಲ್ಲಿ ಉದ್ಯಮ ಕಟ್ಟುವ ಬಗೆಯನ್ನು ಬೋಧಿಸಿದ ವಿದ್ವಾಂಸರಿಗೆ ಕೊರತೆಯಿಲ್ಲ. ಕಟ್ಟಿದ್ದನ್ನು ಒಂದು ದಿನ ಮರ್ಯಾದೆಯಿಂದ ಮುಚ್ಚುವುದನ್ನೂ ಕಲಿಯಬೇಕೆಂದು ಹಟ ಹಿಡಿದು, ‘ಉದ್ಯಮ ಮುಕ್ತಾಯ’ವೆಂಬ ಐಚ್ಛಿಕ ವಿಷಯವನ್ನು ರೂಪಿಸಿ, ಸೇವಾವಧಿಯ ಬಹುಭಾಗವನ್ನು ಅದಕ್ಕೇ ತೆತ್ತವರು ಈಗ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಪ್ರಾಧ್ಯಾಪಕರು, ವಿಭಾಗದವರ ಬಾಯಲ್ಲಿ ಬರಿಯ ಮೇಷ್ಟ್ರು. ಅವರ ಗುಣಗಾನಕ್ಕೆ ಈ ಅಭಿನಂದನಾ ಸಂಪುಟದಲ್ಲಿ ಅನೇಕರಿದ್ದಾರೆ. ಅವರಿಂದ ತಲೆ ಚಚ್ಚಿಕೊಂಡವರಲ್ಲಿ ಅಗ್ರಗಣ್ಯರು ಐಚ್ಛಿಕ ವಿಷಯಗಳ ಸಂಯೋಜಕಿ. ಈ ಲೇಖನ ಆಕೆಯ ಪಾಡನ್ನು ಕುರಿತದ್ದು.

ಆಕೆ ಮೇಷ್ಟ್ರ ಹಳೆಯ ವಿದ್ಯಾರ್ಥಿನಿಯಾಗಬೇಕಿತ್ತು; ಆಗಲಿಲ್ಲ. ಅಂದು ಅವರ ತರಗತಿಗೆ ಸೇರಲು ಹೋದಾಗ ಮೇಷ್ಟ್ರು ಕುರ್ಚಿ ತೋರಿಸಿ, ನೀರು ಕೊಟ್ಟು, “ಇದು ಯಾಕೆ ಬೇಕು?” ಎಂದು ಕೇಳಿದರು. ಗೆಳತಿಯರೆಲ್ಲ ಸೇರಿದ್ದಾರೆಂಬ ಉತ್ತರ ಕೇಳಿ, ಮಾರುಕಟ್ಟೆ ಸಂಶೋಧನೆಯ ತರಗತಿಗೆ ತಾವೇ ಕೈಹಿಡಿದು ಕರೆದೊಯ್ದು ಬಿಟ್ಟರು. ಆ ವಿಷಯವೇ ಆಕೆಗೆ ಅನ್ನ ಕೊಟ್ಟಿತು. ಮುಂದೆ ಸಂಯೋಜಕಿಯಾದ ಮೇಲೆ ಅದೇ ಉಪಕಾರ ಆಕೆಯ ಪಾಲಿಗೆ ಶೂಲವಾಯಿತು. ಆಯ್ಕೆಯ ವಾರದಲ್ಲಿ ಉಳಿದ ಪ್ರಾಧ್ಯಾಪಕರು ವಿದ್ಯಾರ್ಥಿಗಳನ್ನು ಸೆಳೆಯಲು ಹೆಣಗುತ್ತಿದ್ದರೆ, ಮೇಷ್ಟ್ರು ತಾವಾಗಿಯೇ ಬಂದವರನ್ನೂ ವಿಚಾರಿಸಿ ಬೇರೆಡೆಗೆ ಸಾಗಹಾಕುತ್ತಿದ್ದರು.

ಕಳೆದ ವರ್ಷ ಕನಿಷ್ಠ ಸಂಖ್ಯೆ ತುಂಬದೆ ವಿಷಯ ನಡೆಯಲಿಲ್ಲ. ಈ ಬಾರಿಯೂ ತುಂಬದಿದ್ದರೆ ಪಠ್ಯಕ್ರಮದಿಂದಲೇ ಕಿತ್ತುಹಾಕುವುದೆಂದು ನಿರ್ದೇಶಕರು ಖಡಾಖಂಡಿತವಾಗಿ ಹೇಳಿದ್ದರು. ಮೇಷ್ಟ್ರ ಸೇವೆಯಲ್ಲಿ ಉಳಿದಿದ್ದುದು ಇದೊಂದೇ ಅವಧಿ. ಸಂಯೋಜಕಿ ಊಟದ ಹೊತ್ತನ್ನೂ ಲೆಕ್ಕಿಸದೆ ಒಬ್ಬೊಬ್ಬರನ್ನೇ ಪುಸಲಾಯಿಸಿದರು. ಕೊನೆಯ ದಿನದ ಮಧ್ಯಾಹ್ನಕ್ಕೆ ಒಬ್ಬರು ಮಾತ್ರ ಕಡಿಮೆ.

ಆಗ ಮೇಷ್ಟ್ರ ಕೋಣೆಗೆ ಒಬ್ಬ ಹುಡುಗಿ ಬಂದಳು.

“ನಮ್ಮಪ್ಪನ ಪ್ರೆಸ್ಸು ಮುಚ್ಚಬೇಕು ಸಾರ್. ಕೆಲಸದವರಿಗೆ ಹೇಳ್ಬೇಕು ಅಂತ ದಿನಾ ಹೋಗ್ತಾರೆ, ಹೇಳದೇ ವಾಪಸ್ ಬರ್ತಾರೆ.”

“ಬಾಮ್ಮ, ಕೂತ್ಕೋ,” ಎಂದರು ಮೇಷ್ಟ್ರು.

ಸಂಖ್ಯೆ ತುಂಬಿತು. ನಿಟ್ಟುಸಿರು ಬಿಟ್ಟ ಸಂಯೋಜಕಿ ಒಂದು ಲೋಟ ಚಹಾ ಕುಡಿದು ಬರುವಷ್ಟರಲ್ಲಿ, ಮೊದಲೇ ಸೇರಿದ್ದ ಹುಡುಗನೊಬ್ಬ ಮೇಷ್ಟ್ರ ಕೋಣೆಯಿಂದ ನಗುನಗುತ್ತ ಹೊರಬಂದ.

“ನಂಗೆ ಸರಕು ಸಾಗಣೆ ವಿಷಯಾನೇ ಸರಿ ಅಂದ್ರು ಮೇಡಂ. ಬದಲಾಯಿಸ್ಬಿಟ್ಟೆ.”

ಆಕೆ ಒಳನುಗ್ಗಿದರು. “ನಿಮ್ಮ ತಲೆ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಲ್ಲ ಸಾರ್.”

“ಗೋದಾಮು ಅಂದ್ರೆ ಅವನ ಕಣ್ಣು ಹೊಳೆಯುತ್ತೆ ಕಣಮ್ಮ. ನನ್ನ ಕ್ಲಾಸಲ್ಲಿ ನಿದ್ದೆ ಮಾಡಿಸ್ಲಾ?”

“ಇವತ್ತೊಂದಿನ ಇಟ್ಕೊಂಡು ನಾಳೆ ಕಳಿಸ್ಬಹುದಿತ್ತು.”

“ನಾಳೆಯಿಂದ ಬದಲಾವಣೆ ಇಲ್ಲ ಅಂತ ನಿಯಮ ಮಾಡಿದ್ದು ನೀನೇ ತಾನೆ?”

ಸಂಜೆಗೆ ವಿಷಯ ರದ್ದಾಯಿತು. ಉಳಿದವರು ಬೇರೆ ತರಗತಿಗಳಿಗೆ ಚದುರಿದರು.

ಮುಂದಿನ ವಾರ ಮೇಷ್ಟ್ರು ಅನುಮತಿಯಿಲ್ಲದೆ ಕೊಠಡಿ ಬಳಸುತ್ತಿದ್ದಾರೆಂಬ ದೂರು ಬಂತು. ಕೆಂಡಾಮಂಡಲವಾದ ನಿರ್ದೇಶಕರ ಹಿಂದೆ ಸಂಯೋಜಕಿಯೂ ಓಡಿದರು. ಬಾಗಿಲು ತೆರೆದೇ ಇತ್ತು. ಮುಂದಿನ ಬೆಂಚಿನಲ್ಲಿ ಆ ಹುಡುಗಿ; ಹಲಗೆಯ ಪಕ್ಕದಲ್ಲಿ ಬೆರಳಿನ ಸಂದಿಯಲ್ಲಿ ಮಸಿ ಉಳಿದಿದ್ದ ಅವಳ ತಂದೆ. ಮೇಷ್ಟ್ರು ಕೈಕಟ್ಟಿ ಅವರೆದುರು ನಿಂತಿದ್ದರು.

“ನಾನು ನಿಮ್ಮ ಹಳೇ ಮಷಿನ್ನಿನವನು ಅಂದ್ಕೊಳ್ಳಿ. ಹೇಳಿ ಧಣಿ, ಏನು ಕರೆಸಿದ್ರಿ?”

ತಂದೆ ಪಕ್ಕದ ಕುರ್ಚಿಯನ್ನು ಎಳೆದು ಅವರ ಮುಂದಿಟ್ಟರು. ಮೇಷ್ಟ್ರು ಕದಲದೆ ಕಾದರು. ಕೊನೆಗೆ ತಂದೆ, “ಕೂತ್ಕೋಪ್ಪ,” ಎಂದರು. “ಪ್ರೆಸ್ಸು ನಿಲ್ಲಿಸ್ತಾ ಇದೀನಿ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗಬಾರದು ಅಂತ ನಾನೇ ಹೇಳ್ತಿದೀನಿ.”

ಮಗಳು ಮುಖ ತಗ್ಗಿಸಿದಳು. ನಿರ್ದೇಶಕರು ಬಾಗಿಲಿನಿಂದ ಹಿಂದೆ ಸರಿದು, “ಈ ಕೊಠಡೀನ ಯಾರಿಗೂ ಕೊಡಬೇಡಿ,” ಎಂದು ಸಂಯೋಜಕಿಗೆ ಪಿಸುಗುಟ್ಟಿ ಹೊರಟುಹೋದರು.

ಪಠ್ಯಕ್ರಮದಲ್ಲಿ ಇಂದು ಆ ವಿಷಯವಿಲ್ಲ. ಆ ಕೊಠಡಿಯನ್ನು ಮಾತ್ರ ಬೇರಾರಿಗೂ ಕೊಟ್ಟಿಲ್ಲ; ಅಂಗಡಿ ಮುಚ್ಚಬೇಕಾದವರು ವಿಳಾಸ ಕೇಳಿಕೊಂಡು ಬರುತ್ತಿದ್ದಾರೆ. ಮೇಷ್ಟ್ರಿಗೆ ದೀರ್ಘಾಯುಷ್ಯವೂ ಗಟ್ಟಿಯಾದ ಆರೋಗ್ಯವೂ ಇರಲಿ. ನಿವೃತ್ತಿಯ ನಂತರವೂ ಅವರು ಈ ಕೊಠಡಿಗೆ ತಪ್ಪದೆ ಬರುತ್ತಿರಲಿ. ಆಯ್ಕೆಯ ವಾರವೊಂದನ್ನು ಮಾತ್ರ ದಯಮಾಡಿ ಮನೆಯಲ್ಲಿಯೇ ಕಳೆಯಲಿ ಎಂಬುದು ಸಂಯೋಜಕಿಯ ಕಳಕಳಿಯ ಪ್ರಾರ್ಥನೆ.