ಹಿಂದೆ ಓಡುವುದನ್ನೆಲ್ಲ ಮುಚ್ಚಿ

ಎಲ್ಕ್ ಗ್ರೋವ್ ವಿಲೇಜಿನ ಆಫೀಸಿನಲ್ಲಿರುವ ನನ್ನ ಕಂಪ್ಯೂಟರು ಈಚೆಗೆ ಆಲಸ್ಯದಲ್ಲಿ ನನ್ನನ್ನೂ ಮೀರಿಸಿದೆ. ಬೆಳಿಗ್ಗೆ ಗುಂಡಿ ಒತ್ತಿ, ಕಾಫಿ ಕುಡಿದು, ಲೋಟ ತೊಳೆದು ಬಂದರೂ ಕಣ್ಣು ಬಿಟ್ಟಿರುವುದಿಲ್ಲ. ನೇಪರ್‌ವಿಲ್ಲಿನ ಕನ್ನಡಿಗರು ಮನೆಗೊಂದು ಅಡುಗೆ ತಂದು ಉಣ್ಣುವ ಯಾವ ಪಾಟ್‌ಲಕ್ಕಿಗಾದರೂ ಹೋಗಿ, ಬಿಸಿಬೇಳೆಭಾತಿನ ತಟ್ಟೆ ಹಿಡಿದ ಯಾವ ಪಂಡಿತೋತ್ತಮನನ್ನಾದರೂ ಕೇಳಿ, ದಿವ್ಯೌಷಧ ಒಂದೇ: ಪರದೆಯ ಹಿಂದೆ ಓಡುತ್ತಿರುವ ಪ್ರೋಗ್ರಾಮುಗಳನ್ನೆಲ್ಲ ಮುಚ್ಚಿ. ಅವು ಏತಕ್ಕೆ ಓಡುತ್ತಿವೆ ಎಂದು ವಿಚಾರಿಸುವ ವ್ಯವಧಾನ ಈ ಮಹಾಜ್ಞಾನಿಗಳಿಗಿಲ್ಲ.

ರಿಸೆಷನ್ನಿನ ಹೊಸದರಲ್ಲಿ ನಮ್ಮ ಕಂಪನಿಯೂ ಇದೇ ಔಷಧ ಕುಡಿಯಿತು. ಟೈ ಕಟ್ಟಿದ ಸಲಹೆಗಾರನೊಬ್ಬ ಸಿಬ್ಬಂದಿಯ ಪಟ್ಟಿ ಹಿಡಿದು, ಒಬ್ಬೊಬ್ಬರ ಹೆಸರನ್ನೂ ತೋರಿಸಿ, 'ಇವರೇನು ಮಾಡುತ್ತಾರೆ?' ಎಂದು ಇನ್ನೊಬ್ಬರನ್ನು ಕೇಳುತ್ತ ಬಂದ. ಉತ್ತರ ಸಿಗದಿದ್ದರೆ ಹೆಸರಿನ ಮೇಲೊಂದು ಗೀಟು. ಆ ಮಹಾನುಭಾವ ಸ್ವತಃ ಏನು ಮಾಡುತ್ತಾನೆಂದು ಕೇಳುವ ಧೈರ್ಯ ಮಾತ್ರ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನನ್ನ ಪಾಲಿಗೆ ಬಂದ ಹೆಸರು ಪಾಟೀಲರದು. ಧಾರವಾಡದ ಪಾಟೀಲರು ನನ್ನ ಕಾರ್‌ಪೂಲಿನ ಸಾರಥಿ. ಮೂರು ವರ್ಷ ದಿನವೂ ಅವರ ಪಕ್ಕ ಕೂತೇ ಆಫೀಸಿಗೆ ಹೋಗಿಬಂದಿದ್ದೇನೆ. ಅವರ ಕಾರಿನದೊಂದು ಶಾಸನವಿತ್ತು: 'ಕಾರಿನ್ಯಾಗ ಆಫೀಸ್ ಸುದ್ದಿ ಬ್ಯಾಡ್ರಿ ಸರ.' ಹಾಗಾಗಿ ಅವರ ಮನೆಯ ಶೇಂಗಾ ಚಟ್ನಿಗೆ ಎಷ್ಟು ಬೆಳ್ಳುಳ್ಳಿ ಬೀಳುತ್ತದೆಂದು ಬಲ್ಲ ನನಗೆ, ಮೂರನೆಯ ಮಹಡಿಯಲ್ಲಿ ಅವರು ಮಾಡುವುದೇನೆಂದು ತಿಳಿದಿರಲಿಲ್ಲ. ಇಬ್ಬರದೂ ಕೆಲಸಕ್ಕೆ ಕಟ್ಟಿಹಾಕಿದ ವೀಸಾ. ಕೆಲಸ ಹೋದರೆ ದೇಶವನ್ನೂ ಬಿಡಬೇಕು. ಕೇಳಿಕೊಂಡು ಬಂದು ಹೇಳುತ್ತೇನೆ ಎನ್ನಬಹುದಿತ್ತು. ತಡವಾದರೆ ಗೀಟು ನನ್ನ ಹೆಸರಿನ ಮೇಲೆಯೇ ಬಿದ್ದೀತೆಂದು ಹೆದರಿದ ಈ ಸತ್ಯಸಂಧ 'ಗೊತ್ತಿಲ್ಲ' ಎಂದುಬಿಟ್ಟ.

ಶುಕ್ರವಾರ ಪಾಟೀಲರು ತಮ್ಮ ಸಾಮಾನಿನ ರಟ್ಟಿನ ಡಬ್ಬವನ್ನು ಹಿಂದಿನ ಸೀಟಿನಲ್ಲಿಟ್ಟು, ಎಂದಿನಂತೆ ನನ್ನನ್ನು ಮನೆಗೆ ಬಿಟ್ಟರು. ಇಳಿಯುವಾಗ ಮೊದಲ ಬಾರಿಗೆ ಕೇಳಿದೆ: 'ನೀವು ಆಫೀಸಲ್ಲಿ ಏನ್ ಮಾಡ್ತಿದ್ರಿ?'

'ಏನಿಲ್ರಿ ಸರ, ನೀವು ಕಾಫಿ ಕುಡ್ದು ಬರೂದ್ರಾಗ ಸರ್ವರ್ ಎಲ್ಲಾ ಸ್ವಚ್ಛ ಮಾಡಿ ಇಡ್ತಿದ್ದೆ. ನಿಮ್ಮ ಕಂಪ್ಯೂಟರ್ ಲಗೂನ ಚಾಲೂ ಆಗ್ಲಿ ಅಂತ.'

ಈ ಬೆಳಿಗ್ಗೆ, ಕಾಫಿಯ ಲೋಟ ತೊಳೆದಿಟ್ಟು ಬಂದು, ಪಂಡಿತರ ಮಾತಿನಂತೆ ಕಂಪ್ಯೂಟರಿನ ಪಟ್ಟಿ ತೆರೆದೆ. ಹಿಂದೆ ಓಡುತ್ತಿದ್ದ ಹೆಸರುಗಳಲ್ಲಿ ಒಂದರ ಕೆಲಸವೂ ನನಗೆ ಗೊತ್ತಿರಲಿಲ್ಲ. ಯಾವುದನ್ನೂ ಮುಚ್ಚಲಿಲ್ಲ. ಕೇಳೋಣವೆಂದರೆ ಬಲ್ಲವರು ಪಾಟೀಲರೊಬ್ಬರೇ. ಅವರೀಗ ಧಾರವಾಡದಲ್ಲಿದ್ದಾರೆ, ಫೋನು ಮಾಡಲು ನನಗೆ ಮುಖವಿಲ್ಲ.