ಮಗುಚದೆ ಬಿಟ್ಟ ಟೊಪ್ಪಿಗೆ

ಮಿಶ್ರಿಕೋಟಿಯ ನಮ್ಮ ಓಣಿಯಲ್ಲಿ ಉಣ್ಣೆಯ ಟೊಪ್ಪಿಗೆಯನ್ನು ಒಳಮೈ ಹೊರಗೆ ಮಾಡಿ ಹಾಕಿಕೊಳ್ಳುತ್ತಾರೆ. ಅದಕ್ಕೆ ಕಾರಣ ನಾನು — ನಾಲ್ವತ್ತು ವರ್ಷದ ಹಿಂದೆ ನಾನು ಹೇಳಿದ ಒಂದು ಸುಳ್ಳು.

ಎಂಬತ್ತರ ದಶಕದಲ್ಲಿ ಆ ಓಣಿಯ ಮನೆಯೊಂದಕ್ಕೆ ಸಣ್ಣ ಸೊಸೆಯಾಗಿ ಹೋದೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು. ಇಂಗ್ಲೀಷ್ ಬರುತ್ತಿತ್ತು, ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. "ಇದ್ಯಾವ ದೇಶದ ನಕಾಶೆವಾ?" ಎಂದು ಅತ್ತೆ ನನ್ನ ರೊಟ್ಟಿಯನ್ನು ಎತ್ತಿ ಹಿಡಿದು ನಗುತ್ತಿದ್ದರು. ಹಿರಿಯ ಸೊಸೆ ಗಂಗಕ್ಕ ಮಾತ್ರ ನಗದೆ ಅದನ್ನು ತನ್ನ ತಾಟಿಗೆ ಹಾಕಿಕೊಳ್ಳುತ್ತಿದ್ದಳು.

ನನಗೆ ಬರುತ್ತಿದ್ದುದು ಒಂದೇ — ನಿಟಿಂಗ್. ಮಾವನವರಿಗೆ ದಪ್ಪನೆಯ ಟೊಪ್ಪಿಗೆ ಹೆಣೆಯುವೆನೆಂದು ಎಲ್ಲರೆದುರು ಹೇಳಿಬಿಟ್ಟೆ. ಮಾವ ಹುರುಪಿನಿಂದ ಕಲಘಟಗಿಗೆ ಹೋಗಿ, ತೊಟ್ಟಿಲು ಮಾಡುವವರಿಂದ ಐದು ದಪ್ಪ ಕಡ್ಡಿ ಮಾಡಿಸಿ ತಂದರು — ತೊಟ್ಟಿಲಿನ ಕೆಂಪು ಬಣ್ಣವನ್ನೂ ಹಚ್ಚಿಸಿ!

ನಾಲ್ಕು ಕಡ್ಡಿಗಳಿಗೆ ಕುಣಿಕೆಗಳನ್ನು ಹಂಚಿ, ಐದನೆಯದರಿಂದ ಸುತ್ತ ಹೆಣೆಯುತ್ತ ಹೋದೆ. ಬಿಳಿಯ ನಡುವೆ ಕೆಂಪು ಹೂ. ಹೂ ನನ್ನ ಕಣ್ಣೆದುರಿಗೆ, ಸುತ್ತಿನ ಒಳಮಗ್ಗುಲಿಗೆ ಅರಳುತ್ತಿತ್ತು. ಸರದಿಗಾಗಿ ಕಾಯುವ ಬಣ್ಣದ ಎಳೆಗಳು ಹೊರಗೆ ಜೋತಾಡುತ್ತಿದ್ದವು. ಮುಗಿದ ಮೇಲೆ ಹೂ ಹೊರಗೆ ಬರುವಂತೆ ಮಗುಚಬೇಕು. "ಲಾಸ್ಟ್ ಆಫ್ ಆಲ್, ಟರ್ನ್ ಇಟ್, ಗರ್ಲ್ಸ್!" — ಕಾನ್ವೆಂಟಿನ ಸಿಸ್ಟರ್ ಎಷ್ಟು ಸಲ ಹೇಳಿರಲಿಲ್ಲ! ನಾನು ಮರೆತೆ. ಹೆಮ್ಮೆಯಿಂದ ಹಾಗೆಯೇ ಮಾವನವರ ತಲೆಗೆ ಇಟ್ಟೆ.

"ಕುರಿ ಆದೆ ನೋಡವಾ!" ಮಾವ ಕನ್ನಡಿ ನೋಡಿ ನಕ್ಕರು. "ಆದ್ರ ಅಗದಿ ಬೆಚ್ಚಗ ಐತಿ."

ಗಂಗಕ್ಕ ಕಸೂತಿಯವಳು. ಕಸೂತಿಯಲ್ಲಿ ಬಟ್ಟೆಯ ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕ ಇರಬೇಕಲ್ಲ — ಏನು ಕೈಗೆ ಸಿಕ್ಕರೂ ತಿರುವಿ ನೋಡುವುದು ಆಕೆಯ ಚಾಳಿ. ಟೊಪ್ಪಿಗೆ ಇಸಿದುಕೊಂಡು ಅಂಚು ತಿರುವಿದಳು. ಮುಖ ಅರಳಿತು.

"ತಂಗಿ, ಛಂದ ಎಲ್ಲಾ ಒಳಗ ಐತಲ್ಲ! ಹೊಳ್ಳಿಸಿ ಹಾಕೂಣೇನ?"

ಆ ಕ್ಷಣವೇ ನನಗೆ ತಪ್ಪು ತಿಳಿಯಿತು. ಹೌದೆಂದಿದ್ದರೆ ಎಲ್ಲರೂ ನಕ್ಕು ಮುಗಿಯುತ್ತಿತ್ತು. ಆದರೆ ಅತ್ತೆ ನೋಡುತ್ತಿದ್ದರು — ನಾನಂದೆ: "ಇದು ಕಸೂತಿ ಅಲ್ಲರಿ ಅಕ್ಕಾ, ನಿಟಿಂಗ್. ನಿಮಗ ತಿಳಿಯೂದಿಲ್ಲ. ಇದು ಹಿಂಗ ಇರೂ ಫ್ಯಾಷನ್."

ಗಂಗಕ್ಕ ಕೈ ಹಿಂದೆ ತೆಗೆದಳು. "ಹೌದ? ಕಲ್ತಾಕಿ ನೀ. ನಿನಗ ಗೊತ್ತಿರತೈತಿ ಬಿಡು."

ಆಕೆ ನಂಬಿದಳು. ನಾಲ್ಕೇ ದಿನದಲ್ಲಿ ನಿಟಿಂಗ್ ಕಲಿತಳು, ನನಗಿಂತ ಚೆನ್ನಾಗಿ. ಮನೆಯಲ್ಲಿ, ಓಣಿಯಲ್ಲಿ ಯಾವ ಕೂಸು ಹುಟ್ಟಿದರೂ ಆಕೆಯದೊಂದು ಟೊಪ್ಪಿಗೆ — ಎಳೆಗಳು ಹೊರಗೆ. "ಗಂಗವ್ವಾ, ಇದನ್ನ ಬೆಕ್ಕು ಪರಚೇತೇನ?" ಎಂದು ಯಾರಾದರೂ ಚೇಷ್ಟೆ ಮಾಡಿದರೆ ಆಕೆಗೆ ಸಿಟ್ಟು. "ನಮ್ಮ ತಂಗಿ ಕಾನ್ವೆಂಟ್‌ದಾಕಿ! ಆಕಿ ಹೇಳ್ಯಾಳ, ಇದು ಹಿಂಗ ಇರತೈತಿ." ನಾನು ಬಾಜೂಕ್ಕೇ ಕೂತಿರುತ್ತಿದ್ದೆ. ಆಕೆಗೆ ಉಣ್ಣೆಯ ಉಂಡೆ ಸುತ್ತಿ ಕೊಡುತ್ತಿದ್ದೆ.

ಆಮೇಲೆ ನಾವು ಧಾರವಾಡಕ್ಕೆ ಬಂದೆವು. ನನ್ನ ಮಕ್ಕಳಿಗೂ ಆಕೆಯವೇ ಟೊಪ್ಪಿಗೆಗಳು. ಎಷ್ಟು ಸಲ ತೊಳೆದಿದ್ದೇನೆ. ಒಳಗೆ ನೋಡುವ ಧೈರ್ಯ ಮಾತ್ರ ಇರಲಿಲ್ಲ.

ಕಳೆದ ವಾರ ಮೊಮ್ಮಗಳಿಗೆಂದು ಆಕೆ ಕಳಿಸಿದ ಟೊಪ್ಪಿಗೆಯನ್ನು, ಏನು ಮನಸ್ಸಾಯಿತೋ, ಮಗುಚಿದೆ. ಒಳಗೆ ನನ್ನ ಹೂ ಇರಲಿಲ್ಲ. ಆನೆಗಳು! ಸೊಂಡಿಲೆತ್ತಿದ ಏಳು ಕೆಂಪು ಆನೆಗಳು, ಒಂದರ ಹಿಂದೆ ಇನ್ನೊಂದು, ಸುತ್ತ ಮುಗಿಯದ ಸಾಲು. ಟ್ರಂಕಿನಿಂದ ಹಳೆಯವನ್ನೆಲ್ಲ ತೆಗೆದೆ — ಒಂದರಲ್ಲಿ ಗಿಳಿ, ಒಂದರಲ್ಲಿ ಗೋಪುರ, ಮಗಳದರಲ್ಲಿ ಪುಟ್ಟ ತೊಟ್ಟಿಲು. ಒಂದಿದ್ದಂತೆ ಇನ್ನೊಂದಿಲ್ಲ. ನೆಲದ ಮೇಲೆ ಕೂತು ಖುಷಿಯಿಂದ ಗಟ್ಟಿಯಾಗಿ ನಕ್ಕೆ. ಆಮೇಲೆ ನೆನಪಾಯಿತು: ಇಷ್ಟು ವರ್ಷ, ಇವನ್ನು ಯಾರೂ ನೋಡಿಲ್ಲ.

ನಾಳೆ ಬಸ್ಸಿಗೆ ಮಿಶ್ರಿಕೋಟಿಗೆ ಹೊರಟಿದ್ದೇನೆ. ಮೊಮ್ಮಗಳ ಟೊಪ್ಪಿಗೆ ನನ್ನ ನೆತ್ತಿಯ ಮೇಲಷ್ಟೇ ಕೂರುತ್ತದೆ, ಸಾಕು. ಬಸ್ ಇಳಿದು, ಓಣಿ ದಾಟಿ, ಗಂಗಕ್ಕನ ಕಟ್ಟೆಯವರೆಗೂ ಹಾಗೆಯೇ ನಡೆಯುತ್ತೇನೆ. ಯಾಕೆಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಕೊನೆಗೆ ಆಕೆಗೆ: "ಅಕ್ಕಾ, ಅವತ್ತ ನೀವು ಹೇಳಿದ್ದ ಖರೆ ಇತ್ತರಿ. ನನಗ ಗೊತ್ತಿತ್ತು."

ಬಿಸಿಲಿರಲಿ, ಮಂದಿ ನಗಲಿ — ಆನೆಗಳು ಹೊರಗೇ.